ಹುಟ್ಟುಹಬ್ಬಕ್ಕೆ ಬಂದ ಮಂತ್ರವಾದಿ

“ಅಮ್ಮ, ಈ ಸಲ ನನ್ನ ಬರ್ತ್‌ಡೇ ವಿಝರ್ಡ್ ಥೀಮ್‌ನಲ್ಲೇ ಆಗಬೇಕು” ಎಂದು ನಮ್ಮ ಪುಟ್ಟ ರಾತ್ರಿ ಊಟದ ಹೊತ್ತಿನಲ್ಲಿ ಘೋಷಿಸಿದಾಗ ನಮ್ಮತ್ತೆಗೆ ಒಂದೂ ಅರ್ಥವಾಗಲಿಲ್ಲ. “ಏನಂತೇ ಅದು?” ಎಂದರು. ಸಾರಿನ ಸೌಟು ಕೈಯಲ್ಲಿ ಹಿಡಿದಿದ್ದ ನಾನು ಹಿಂದೆಮುಂದೆ ಯೋಚಿಸದೆ “ಮಂತ್ರವಾದಿ ಅಂತ ಅತ್ತೆ” ಎಂದುಬಿಟ್ಟೆ.

ಅಷ್ಟೇ ಸಾಕಾಯಿತು. ಅತ್ತೆ ತುತ್ತು ಕೆಳಗಿಟ್ಟರು. ತೀರ್ಥಹಳ್ಳಿ ಕಡೆಯ ಅವರಿಗೆ ಮಂತ್ರವಾದಿ ಎಂದರೆ ಕುಂಕುಮ ಮೆತ್ತಿದ ನಿಂಬೆಹಣ್ಣು, ಅಮಾವಾಸ್ಯೆ, ಮೂರು ದಾರಿ ಕೂಡುವ ಜಾಗ. “ಹತ್ತು ವರ್ಷ ತುಂಬುವ ಮಗುವಿನ ಹುಟ್ಟಿದ ದಿನಕ್ಕೆ ಮಂತ್ರವಾದಿಯೇ? ನಿಮಗೆಲ್ಲ ತಲೆ ಕೆಟ್ಟಿದೆ” ಎಂದು ಎದ್ದೇಹೋದರು. ಪುಟ್ಟ ನನ್ನ ಕಡೆ ನೋಡಿದ. ಮಂತ್ರವಾದಿ ಬೇರೆ, ಅವನ ಕನ್ನಡಕದ ಹುಡುಗ ಬೇರೆ ಎಂದು ಅಜ್ಜಿಗೆ ವಿವರಿಸುವ ಹೊಣೆ ಅಂದಿನಿಂದ ಅವನದಾಯಿತು. ಒಂದು ವಾರ ದಿನಾ ಸಂಜೆ ಕತೆ ಹೇಳಿದ. ಅಪ್ಪ ಅಮ್ಮ ಇಲ್ಲದ ಹುಡುಗ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗುವವನು, ಕೊನೆಗೆ ದೂರದ ಶಾಲೆಯಿಂದ ಪತ್ರ ಬರುತ್ತದೆ ಎಂಬಲ್ಲಿಗೆ ಬರುವಷ್ಟರಲ್ಲಿ ಅತ್ತೆ ಕರಗಿದ್ದರು. “ಪಾಪ, ಆ ಚಿಕ್ಕಮ್ಮನಿಗೆ ಏನು ಬಂದಿತ್ತು ರೋಗ!” ಎಂದು ಅವರೇ ಬೈಯತೊಡಗಿದರು.

ಹ್ಯಾರಿ ಪಾಟರ್‌ನ ಮೊದಲ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1997ರ ಜೂನ್ 26ರಂದು. ಗಟ್ಟಿ ರಟ್ಟಿನ ಮೊದಲ ಮುದ್ರಣ ಬರೀ 500 ಪ್ರತಿ. ಅಂದು ಓದಿ ಹುಚ್ಚು ಹಿಡಿಸಿಕೊಂಡ ಮಕ್ಕಳು ಇಂದು ಸ್ವತಃ ಅಪ್ಪ ಅಮ್ಮಂದಿರಾಗಿದ್ದಾರೆ. ಹೀಗಾಗಿ ಹುಟ್ಟುಹಬ್ಬದ ಈ ಹುಚ್ಚು ಮಕ್ಕಳದೋ ಹೆತ್ತವರದೋ ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಆದರೆ ನಮ್ಮ ಮನೆಯಲ್ಲಿ ವಿಷಯ ಸ್ವಲ್ಪ ಬೇರೆ ಇತ್ತು. ನಾವು ಶಿವಮೊಗ್ಗದಿಂದ ಬೆಂಗಳೂರಿಗೆ ವರ್ಗವಾಗಿ ಬಂದು ಒಂದೂವರೆ ವರ್ಷ. ಪುಟ್ಟ ಮೊದಲೇ ಮಾತು ಕಡಿಮೆ. ಹೊಸ ಶಾಲೆಯಲ್ಲಿ ಅದೂ ಇಲ್ಲವಾಯಿತು. ಕಳೆದ ವರ್ಷ ಹುಟ್ಟುಹಬ್ಬಕ್ಕೆ ಹನ್ನೆರಡು ಮಕ್ಕಳನ್ನು ಕರೆದಿದ್ದ. ಬಂದದ್ದು ಮೂವರು. ಅದರಲ್ಲಿ ಇಬ್ಬರು ಪಕ್ಕದ ಮನೆಯವರು. ಆರು ಗಂಟೆಯವರೆಗೂ ಬಾಲ್ಕನಿಯಲ್ಲಿ ನಿಂತು ಗೇಟು ನೋಡುತ್ತಿದ್ದವನು ಆಮೇಲೆ ತಾನೇ ಒಳಗೆ ಬಂದು “ಕೇಕ್ ಕಟ್ ಮಾಡೋಣ ಅಮ್ಮ” ಎಂದಿದ್ದ. ಆ ದನಿ ನನ್ನ ಕಿವಿಯಿಂದ ಹೋಗಿರಲಿಲ್ಲ. ಈ ಸಲ ಇಡೀ ತರಗತಿಯನ್ನು ಕರೆಯುತ್ತೇನೆ, ಅಂಥ ಪಾರ್ಟಿ ಯಾರೂ ಮಾಡಿರಬಾರದು ಎಂದಾಗ ಅವನ ಲೆಕ್ಕ ನನಗೆ ಅರ್ಥವಾಯಿತು. ಅಲಂಕಾರ ನೋಡಲಿಕ್ಕಾದರೂ ಬರುತ್ತಾರಲ್ಲ ಎಂದು!

ಮೂವತ್ತು ಮಕ್ಕಳು ನಮ್ಮ ಎರಡು ಕೋಣೆಯ ಮನೆಯಲ್ಲಿ ಹಿಡಿಸುವುದಿಲ್ಲ. ಬಡಾವಣೆಯಲ್ಲೇ ಒಂದು ಸಣ್ಣ ಹಾಲ್ ಬಾಡಿಗೆಗೆ ಸಿಕ್ಕಿತು. ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗೆ ಆರು ಸಾವಿರ, ಠೇವಣಿ ಐದು ಸಾವಿರ. ಅಲಂಕಾರಕ್ಕೆಂದು ಒಬ್ಬ ಈವೆಂಟ್‌ನವರನ್ನು ವಿಚಾರಿಸಿದೆವು. ಫೋಟೊಗಳ ಪುಸ್ತಕ ತೋರಿಸಿ ನಲವತ್ತೈದು ಸಾವಿರ ಎಂದರು. ಹೊಗೆ ಬೇರೆ, ಜೀವಂತ ಗೂಬೆ ಬೇಕಾದರೆ “ನೋಡೋಣ ಮೇಡಂ” ಎಂದರು. ನಮ್ಮವರು ಮೆಟ್ಟಿಲಿಳಿಯುವಾಗ “ನಲವತ್ತೈದು ಸಾವಿರಕ್ಕೆ ನಾನೇ ಮಂತ್ರ ಕಲಿತುಬಿಡುತ್ತೇನೆ” ಎಂದರು. ನಾವೇ ಮಾಡುವುದೆಂದು ತೀರ್ಮಾನವಾಯಿತು.

ಇದೇ ದಾರಿ ಹಿಡಿಯಲಿರುವ ತಾಯ್ತಂದೆಯರಿಗೆ ಮೊದಲ ಮಾತು: ಅಂಗಡಿಗೆ ಹೋಗುವ ಮುಂಚೆ ಹಾಲ್‌ಗೆ ಹೋಗಿ. ಟೇಪು, ಒಂದು ನೋಟ್‌ಬುಕ್ಕು ಜೊತೆಗಿರಲಿ. ಉದ್ದ, ಅಗಲ, ಎತ್ತರ, ಕಿಟಕಿ ಎಷ್ಟು, ಸರಳುಗಳಿವೆಯೇ, ಪ್ಲಗ್ ಎಲ್ಲಿ, ಫ್ಯಾನ್ ಎಲ್ಲಿ, ಎಲ್ಲ ಬರೆದುಕೊಳ್ಳಿ. ಎರಡನೆಯದು, ಷರತ್ತುಗಳನ್ನು ಕೇಳಿ. ನಮ್ಮ ಹಾಲ್‌ನವರು ಮೊಳೆ ಹೊಡೆಯುವ ಹಾಗಿಲ್ಲ, ಗೋಡೆಗೆ ಅಂಟಿಸುವ ಹಾಗಿಲ್ಲ ಎಂದಿದ್ದರು. ಶಿವಮೊಗ್ಗದಲ್ಲಿ ಒಂದು ಸಮಾರಂಭಕ್ಕೆ ಎರಡು ಬದಿ ಅಂಟುವ ಟೇಪಿನಲ್ಲಿ ಬಣ್ಣದ ಕಾಗದ ಅಂಟಿಸಿ, ಕೀಳುವಾಗ ಗೋಡೆಯ ಬಣ್ಣ ಅಂಗೈ ಅಗಲ ಕಿತ್ತುಬಂದು, ಎರಡು ಸಾವಿರ ಠೇವಣಿ ಕಳೆದುಕೊಂಡ ಅನುಭವ ನನಗಿತ್ತು. ಹಾಗಾಗಿ ಈ ಸಲ ಎಲ್ಲವೂ ಕಟ್ಟುವುದು, ತೂಗುಹಾಕುವುದು, ಒರಗಿಸುವುದು. ಅಂಟಿಸುವುದು ಇಲ್ಲ.

ಮೂರನೆಯದೇ ಮುಖ್ಯ. ಇಡೀ ಹಾಲ್ ಅಲಂಕರಿಸಲು ಹೋಗಬೇಡಿ. ಇಪ್ಪತ್ತೈದು ಅಡಿ ಅಗಲ, ನಲವತ್ತು ಅಡಿ ಉದ್ದದ ಕೋಣೆಯ ಎಲ್ಲ ಗೋಡೆಗೂ ಏನಾದರೂ ಹಚ್ಚುತ್ತೇನೆಂದರೆ ಜೇಬೂ ಸಾಲದು, ಜೀವವೂ ಸಾಲದು. ಮಕ್ಕಳ ಕಣ್ಣು ಹೋಗುವುದು ಮೂರೇ ಕಡೆ: ಒಳಗೆ ಬರುವ ಬಾಗಿಲು, ತಲೆಯ ಮೇಲೆ, ಕೇಕ್ ಇಡುವ ಜಾಗ. ಈ ಮೂರನ್ನು ಚೆನ್ನಾಗಿ ಮಾಡಿ, ಉಳಿದ ಕಡೆ ದೀಪ ಆರಿಸಿ. ಕತ್ತಲಿಗಿಂತ ಅಗ್ಗದ ಅಲಂಕಾರ ಇನ್ನೊಂದಿಲ್ಲ.

ಬಾಗಿಲಿಗೆ ಹಳೆಯ ಡಬಲ್ ಬೆಡ್‌ಶೀಟ್ ತೆಗೆದುಕೊಂಡೆವು. ಪಾತ್ರೆ ತೊಳೆಯುವ ಸ್ಪಂಜನ್ನು ಇಟ್ಟಿಗೆಯ ಆಕಾರಕ್ಕೆ ಕತ್ತರಿಸಿ, ಕೆಮ್ಮಣ್ಣಿನ ಬಣ್ಣದಲ್ಲಿ ಅದ್ದಿ, ಸಾಲು ಬಿಟ್ಟು ಸಾಲು ಒತ್ತಿದರೆ ಇಟ್ಟಿಗೆ ಗೋಡೆ ಸಿದ್ಧ. ಎಲ್ಲ ಇಟ್ಟಿಗೆಯೂ ಒಂದೇ ಬಣ್ಣದಲ್ಲಿದ್ದರೆ ಸುಳ್ಳೆನಿಸುತ್ತದೆ. ಅಲ್ಲಲ್ಲಿ ತುಸು ಕಪ್ಪು ಬೆರೆಸಬೇಕು. ನಡುವೆ ಸೀಳಿ ಬಾಗಿಲಿಗೆ ಇಳಿಬಿಟ್ಟರೆ ಮಕ್ಕಳು ಗೋಡೆಯೊಳಗೇ ನುಗ್ಗಿ ಬಂದಂತೆ. ಮೇಲೆ ಒಂಬತ್ತು ಮುಕ್ಕಾಲು ಎಂಬ ಫಲಕ. ಕತೆಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಒಂಬತ್ತು ಮತ್ತು ಹತ್ತನೇ ಪ್ಲಾಟ್‌ಫಾರಂಗಳ ನಡುವೆ ಈ ಗುಟ್ಟಿನ ದಾರಿ ಇದೆ. ಸಿನಿಮಾದವರು ಚಿತ್ರೀಕರಿಸಿದ್ದು ಮಾತ್ರ ನಾಲ್ಕು ಮತ್ತು ಐದನೇ ಪ್ಲಾಟ್‌ಫಾರಂಗಳ ನಡುವೆ! ಇಂದು ಆ ನಿಲ್ದಾಣದಲ್ಲಿ ಗೋಡೆಯೊಳಗೆ ಅರ್ಧ ಹೊಕ್ಕ ಸಾಮಾನು ಗಾಡಿಯೊಂದನ್ನು ಇಟ್ಟಿದ್ದಾರೆ. ಅದರ ಹಿಡಿ ಹಿಡಿದು ಫೋಟೊ ತೆಗೆಸಿಕೊಳ್ಳಲು ಜನ ಸಾಲು ನಿಲ್ಲುತ್ತಾರೆ. ಅವರದೇ ಸುಳ್ಳು ಇಷ್ಟು ಚೆನ್ನಾಗಿ ನಡೆಯುವಾಗ ನಮ್ಮ ಬೆಡ್‌ಶೀಟ್ ಏನು ಕಡಿಮೆ ಎಂದು ಸಮಾಧಾನ ಮಾಡಿಕೊಂಡೆ.

ತಲೆಯ ಮೇಲಿನದು ದೊಡ್ಡ ಕೆಲಸ. ಕತೆಯ ಶಾಲೆಯ ಊಟದ ಹಜಾರದಲ್ಲಿ ಮೇಣದ ಬತ್ತಿಗಳು ಗಾಳಿಯಲ್ಲೇ ತೇಲುತ್ತವೆ. ಸಿನಿಮಾಕ್ಕಾಗಿ ಆ ಹಜಾರವನ್ನು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಹಳೆಯ ಊಟದ ಮನೆಯ ಮಾದರಿಯಲ್ಲಿ ಕಟ್ಟಿದ್ದರು. ‘ಆಲಿಸ್’ ಕತೆ ಬರೆದ ಲೂಯಿ ಕ್ಯಾರಲ್ ಗಣಿತ ಕಲಿಸುತ್ತಿದ್ದುದು ಇದೇ ಕಾಲೇಜಿನಲ್ಲಿ. 2001ರಲ್ಲಿ ಬಂದ ಮೊದಲ ಚಿತ್ರಕ್ಕೆ ತಂತಿಯಲ್ಲಿ ನಿಜವಾದ ಉರಿಯುವ ಬತ್ತಿಗಳನ್ನೇ ತೂಗಿಬಿಟ್ಟಿದ್ದರಂತೆ. ಉರಿಯ ಕಾವಿಗೆ ತಂತಿಯೇ ತುಂಡಾಗಿ ಬತ್ತಿ ಕೆಳಗೆ ಬಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ಬತ್ತಿ ಬರೆಯುವುದೇ ಕ್ಷೇಮವೆಂದು ಕಂಡುಕೊಂಡರು. ಮಕ್ಕಳ ತಲೆಯ ಮೇಲೆ ಬೆಂಕಿ ಯಾವ ಕಾರಣಕ್ಕೂ ಬೇಡ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ನಾವು ಬಿಳಿ ಡ್ರಾಯಿಂಗ್ ಕಾಗದವನ್ನು ಗೇಣುದ್ದದ ಕೊಳವೆ ಮಾಡಿ, ತುದಿಯಲ್ಲಿ ಬ್ಯಾಟರಿಯ ಪುಟ್ಟ ದೀಪ ಕೂರಿಸಿದೆವು. ಅಂಟಿನ ಗನ್ನಿನಿಂದ ನಾಲ್ಕು ತೊಟ್ಟು ಇಳಿಸಿದರೆ ಮೇಣ ಕರಗಿದಂತೆಯೇ ಕಾಣುತ್ತದೆ. ತೂಗಲು ತಂಗೂಸಿ, ಅದೇ ಮೀನಿನ ಗಾಳದ ದಾರ. ತುಸು ದೂರದಿಂದ ಅದು ಕಾಣುವುದೇ ಇಲ್ಲ. ಎದುರು ಬದುರಿನ ಕಿಟಕಿ ಸರಳುಗಳಿಗೆ ಐದು ನೈಲಾನ್ ಹಗ್ಗ ಬಿಗಿಯಾಗಿ ಕಟ್ಟಿ, ಒಂದೊಂದಕ್ಕೂ ಹನ್ನೆರಡು ಬತ್ತಿ ಇಳಿಬಿಡುವುದೆಂದು ಲೆಕ್ಕ. ಎಲ್ಲ ಒಂದೇ ಮಟ್ಟದಲ್ಲಿದ್ದರೆ ಮದುವೆ ಮನೆಯ ಸೀರಿಯಲ್ ಸೆಟ್‌ನಂತಾಗುತ್ತದೆ. ಒಂದು ಮೊಳ, ಒಂದೂವರೆ ಮೊಳ, ಎರಡು ಮೊಳ ಹೀಗೆ ಹೆಚ್ಚುಕಡಿಮೆ ಇರಬೇಕು. ಪುಟ್ಟನೇ ನಕ್ಷೆ ಬರೆದು ಯಾವ ಹಗ್ಗಕ್ಕೆ ಯಾವ ಅಳತೆ ಎಂದು ಪ್ರತಿ ದಾರಕ್ಕೂ ಚೀಟಿ ಕಟ್ಟಿದ. ಅತ್ತೆ ದೀಪದ ಬತ್ತಿ ಹೊಸೆಯುವ ಕೈಯಲ್ಲೇ ಹಳೆಯ ಪತ್ರಿಕೆಗಳನ್ನು ಹೆಣಿಗೆ ಕಡ್ಡಿಗೆ ಸುತ್ತಿ ಮೂವತ್ತು ಮಂತ್ರದಂಡ ಮಾಡಿಕೊಟ್ಟರು. ಅಂಗಡಿಯ ಬಿದಿರು ಕಡ್ಡಿಗಳ ತುದಿ ಚೂಪು. ಮಕ್ಕಳು ಕತ್ತಿವರಸೆಗೆ ಇಳಿದರೆ ಕಣ್ಣಿಗೆ ಅಪಾಯ.

ಈ ಬ್ಯಾಟರಿ ದೀಪಗಳ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಅದರೊಳಗೆ ಇರುವುದು ನಾಣ್ಯದಂಥ ಬಟನ್ ಸೆಲ್. ಪುಟ್ಟ ತಂಗಿ ತಮ್ಮಂದಿರು ಬಾಯಿಗೆ ಹಾಕಿಕೊಂಡು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರುವ ದೀಪವನ್ನೇ ಕೊಳ್ಳಿ. ಹಾಕುವಾಗ ಎಣಿಸಿ, ತೆಗೆಯುವಾಗಲೂ ಎಣಿಸಿ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಗೂಬೆಯ ವಿಷಯಕ್ಕೆ ಬರೋಣ. ಈವೆಂಟ್‌ನವರ “ನೋಡೋಣ” ಬರೀ ಮಾತಲ್ಲ. ಹಲವು ವರ್ಷಗಳ ಹಿಂದೆ ನಮ್ಮ ದೇಶದ ಪಕ್ಷಿತಜ್ಞ ಅಬ್ರಾರ್ ಅಹ್ಮದ್ ಅವರನ್ನು ಪರಿಚಿತರ ಪತ್ನಿಯೊಬ್ಬರು, ಹತ್ತು ವರ್ಷದ ಮಗನ ಹ್ಯಾರಿ ಪಾಟರ್ ಹುಟ್ಟುಹಬ್ಬಕ್ಕೆ ಜೀವಂತ ಬಿಳಿ ಗೂಬೆ ದೊರಕಿಸಿಕೊಡಿ ಎಂದು ಕೇಳಿದ್ದರು. ಗೂಬೆ ವ್ಯಾಪಾರದ ಬಗ್ಗೆ ಅವರು ತಯಾರಿಸಿದ ವರದಿ 2010ರಲ್ಲಿ ಬಿಡುಗಡೆಯಾದಾಗ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರೂ ಹ್ಯಾರಿ ಪಾಟರ್ ಮೋಹದಿಂದ ನಗರದ ಮಧ್ಯಮ ವರ್ಗದವರೂ ಮಕ್ಕಳಿಗೆ ಗೂಬೆ ಕೊಡಿಸತೊಡಗಿದ್ದಾರೆಂದು ಬೇಸರಪಟ್ಟಿದ್ದರು. ನಮ್ಮಲ್ಲಿ ಕಾಣುವ ಸುಮಾರು 30 ಜಾತಿಯ ಗೂಬೆಗಳಲ್ಲಿ 15 ಜಾತಿ ಕಳ್ಳ ಮಾರಾಟದಲ್ಲಿ ಸಿಗುತ್ತಿದ್ದವು ಎಂದಿತ್ತು ಆ ವರದಿ. ಮಾಟ ಮಂತ್ರದ ಹೆಸರಿನಲ್ಲಿ, ಅದರಲ್ಲೂ ದೀಪಾವಳಿಯ ಹೊತ್ತಿಗೆ, ಅವುಗಳನ್ನು ಬಲಿ ಕೊಡುವುದೂ ಇದೆ. ಅಂದರೆ ನಮ್ಮತ್ತೆ ಮಂತ್ರವಾದಿ ಎಂದಾಗ ಬೆಚ್ಚಿದ್ದು ತೀರ ಸುಳ್ಳು ಭಯವೇನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ನಾಡಿನ ಗೂಬೆಗಳನ್ನು ಹಿಡಿಯುವುದು, ಮಾರುವುದು ಜೈಲಿಗೆ ಕಳಿಸುವ ಅಪರಾಧ. ಕತೆಯ ಬಿಳಿ ಗೂಬೆಯಂತೂ ಉತ್ತರ ಧ್ರುವದ ಹಿಮದ ಹಕ್ಕಿ. ಕತೆಯಲ್ಲಿ ಅದು ಹೆಣ್ಣು. ಆದರೆ ಗಂಡು ಹಕ್ಕಿ ಹೆಚ್ಚು ಬಿಳಿ ಎಂದು ಸಿನಿಮಾದಲ್ಲಿ ಗಂಡುಗಳಿಂದಲೇ ಪಾತ್ರ ಮಾಡಿಸಿದ್ದರು.

ಇದನ್ನೆಲ್ಲ ಕೇಳಿದ ಅತ್ತೆ, “ಅದಕ್ಯಾಕೆ ಅಷ್ಟು ಯೋಚನೆ? ಹಾಳೆ ತಟ್ಟೆ ಇಲ್ಲವೇ?” ಎಂದರು. ಅಡಿಕೆ ಹಾಳೆಯ ಊಟದ ತಟ್ಟೆ ಮುಖ, ಎರಡು ಪುಟ್ಟ ತಟ್ಟೆ ಕಣ್ಣು, ಮುರಿದ ಚೂರು ಕೊಕ್ಕು. ಹಾಳೆಗೆ ಹುಟ್ಟಿನಿಂದಲೇ ಇರುವ ಕಂದು ಗೆರೆಗಳು ರೆಕ್ಕೆ ಪುಕ್ಕದಂತೆಯೇ ಇವೆ. ಬಣ್ಣ ಬಳಿಯುವ ಕೆಲಸವೇ ಇಲ್ಲ. ಹಾರುವ ಪೊರಕೆಗೆ ಮನೆಯ ತೆಂಗಿನ ಕಡ್ಡಿ ಪೊರಕೆ ತರಲು ಹೋದಾಗ ಮಾತ್ರ “ಹುಟ್ಟಿದ ದಿನ ಪೊರಕೆ ಮೇಲೆ ಕೂರುವುದೇ?” ಎಂದು ತಡೆದರು. ಹೊಸದು ತಂದು, ಕೂರದೆ ಬರೀ ತೂಗುಹಾಕುವುದೆಂದು ರಾಜಿಯಾಯಿತು.

ತರದೆ ಬಿಟ್ಟವುಗಳ ಪಟ್ಟಿಯೂ ಮುಖ್ಯವೇ. ಥರ್ಮಕೋಲ್ ಅಲಂಕಾರ, ಬಲೂನಿನ ಪ್ಲಾಸ್ಟಿಕ್ ಕಡ್ಡಿ ಎರಡನ್ನೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಗ್ಯಾಸ್ ಬಲೂನಿನಲ್ಲಿ ಎಷ್ಟೋ ಸಲ ತುಂಬಿರುವುದು ಹೈಡ್ರೋಜನ್. ಕೇಕಿನ ಬತ್ತಿಯ ಬಳಿ ಬಂದರೆ ಭಗ್ ಎನ್ನುತ್ತದೆ. ನೊರೆ ಚಿಮ್ಮಿಸುವ ಡಬ್ಬಿಗಳಲ್ಲೂ ಬೆಂಕಿ ಹಿಡಿಯುವ ಅನಿಲ ಇರುವುದುಂಟು. ಇನ್ನು ಹೊಗೆ ಬರಿಸುವ ಡ್ರೈ ಐಸ್. ಅದು ಮೈನಸ್ 78 ಡಿಗ್ರಿಯ ಗಟ್ಟಿ ಇಂಗಾಲದ ಡೈಆಕ್ಸೈಡ್. ಮುಟ್ಟಿದರೆ ಚರ್ಮ ಸುಡುತ್ತದೆ. ಅದರ ಅನಿಲ ಗಾಳಿಗಿಂತ ಭಾರ, ನೆಲದ ಹತ್ತಿರವೇ ತುಂಬಿಕೊಳ್ಳುತ್ತದೆ. ಕಿಟಕಿ ಮುಚ್ಚಿದ ಹಾಲ್‌ನಲ್ಲಿ ಅದನ್ನು ಮೊದಲು ಉಸಿರಾಡುವವರು ಕುಳ್ಳಗಿರುವ ಮಕ್ಕಳೇ. 2024ರ ಮಾರ್ಚಿನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಬಾಯಿ ಸುವಾಸನೆಗೆಂದು ಕೊಟ್ಟದ್ದು ಡ್ರೈ ಐಸ್ ಆಗಿ, ಐವರು ರಕ್ತ ಕಾರಿಕೊಂಡ ಸುದ್ದಿ ನಿಮಗೂ ನೆನಪಿರಬಹುದು. ಹೊಗೆಯಿಲ್ಲದೆಯೂ ಮಂತ್ರ ನಡೆಯುತ್ತದೆ.

ಎಲ್ಲ ಸಿದ್ಧವಾಯಿತು. ಚಿಕ್ಕಪೇಟೆಯ ಕಡುನೀಲಿ ಲೈನಿಂಗ್ ಬಟ್ಟೆಯೂ ಸೇರಿ ಅಲಂಕಾರದ ಖರ್ಚು 3,000 ರೂಪಾಯಿಯೊಳಗೇ ಮುಗಿದಿತ್ತು. ನನಗೆ ಸ್ವಲ್ಪ ಜಂಬವೇ ಬಂದಿತ್ತು ಎನ್ನಿ.

ಆ ದಿನ ಮಧ್ಯಾಹ್ನ ಎರಡಕ್ಕೆ ಹೋದರೆ ಹಾಲ್‌ನಲ್ಲಿ ಬೆಳಗಿನ ಸಮಾರಂಭದವರ ಊಟ ಇನ್ನೂ ಮುಗಿದಿರಲಿಲ್ಲ. ಕೀಲಿ ಕೈಗೆ ಬಂದದ್ದು ಮೂರು ಗಂಟೆಗೆ. ಮಕ್ಕಳು ಬರುವುದು ನಾಲ್ಕಕ್ಕೆ. ಬಾಗಿಲಿನ ಗೋಡೆ ಏರಿತು. ಕೇಕಿನ ಮೇಜಿಗೆ ನೀಲಿ ಬಟ್ಟೆ ಬಂತು. ಮೂರು ಹಗ್ಗ ಬತ್ತಿಗಳೂ ಮೇಲೆ ಹೋದವು. ಉಳಿದ ಎರಡು ಹಗ್ಗಗಳನ್ನು ಚೀಲದಿಂದ ಎಳೆದಾಗ ನನ್ನ ಎದೆ ಧಸಕ್ಕೆಂದಿತು. ಒಂದೊಂದು ಹಗ್ಗವನ್ನೂ ಬೇರೆ ಬೇರೆ ರಟ್ಟಿಗೆ ಸುತ್ತಿ ಎಂದು ಹೇಳಿದ್ದೆ. ನಮ್ಮವರು ಜಾಗ ಉಳಿಸಲೆಂದು ಎರಡನ್ನೂ ಒಂದೇ ಚೀಲಕ್ಕೆ ತುರುಕಿದ್ದರು. ಇಪ್ಪತ್ತನಾಲ್ಕು ತಂಗೂಸಿ ಒಂದಕ್ಕೊಂದು ಹೆಣೆದುಕೊಂಡು ಹಕ್ಕಿಗೂಡಾಗಿತ್ತು. ಕಣ್ಣಿಗೇ ಕಾಣದ ದಾರ ಬೇರೆ! ಅಷ್ಟರಲ್ಲಿ, ಅರ್ಧ ಗಂಟೆ ಮೊದಲೇ, ಐದು ಮಕ್ಕಳನ್ನು ಯಾರೋ ತಂದೆ ಕಾರಿನಲ್ಲಿ ತಂದು ಇಳಿಸಿ ಹೋದರು.

ಪುಟ್ಟನ ಮುಖ ನೋಡಿದೆ. ಅದೇ ಬಾಲ್ಕನಿಯ ಮುಖ. ಮೇಲೆ ಅರ್ಧ ಖಾಲಿ, ಕೆಳಗೆ ಏಣಿ, ಕತ್ತರಿ, ಕಾಗದದ ರಾಶಿ. “ಕ್ಷಮಿಸಿ ಮಕ್ಕಳೇ, ಇನ್ನೂ ಆಗಿಲ್ಲ” ಎಂದು ನಾನು ಹೇಳುತ್ತಿರುವಾಗಲೇ ಒಬ್ಬ ಹುಡುಗ ನೆಲದ ಮೇಲೆ ಕುಳಿತು ಗಂಟಿಗೆ ಕೈ ಹಾಕಿದ. “ಇದು ಯಾವುದರ ದಾರ?” ಎಂದು ಪುಟ್ಟನನ್ನೇ ಕೇಳಿದ. ಪುಟ್ಟ ಬಗ್ಗಿ ಚೀಟಿ ನೋಡಿ “ಅದು ನಾಲ್ಕನೇ ಹಗ್ಗದ್ದು, ಒಂದೂವರೆ ಮೊಳ” ಎಂದ. ಇನ್ನೊಬ್ಬಳು ಕುಳಿತಳು. “ಇದು?” “ಐದನೇದು. ಎಳೀಬೇಡ, ಕೆಳಗಿನಿಂದ ಬಿಡಿಸು.”

ಒಂದೂವರೆ ವರ್ಷದಲ್ಲಿ ತರಗತಿಯ ಮಕ್ಕಳ ಜೊತೆ ಅವನು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಯಾವ ದಾರ ಎಲ್ಲಿಗೆ ಎಂಬುದು ಗೊತ್ತಿದ್ದವನು ಅವನೊಬ್ಬನೇ. ನಾಲ್ಕು ಗಂಟೆಗೆ ಬಂದವರೂ ಚಪ್ಪಲಿ ಬಿಟ್ಟು ಸೇರಿಕೊಂಡರು. ಒಬ್ಬರು ಹಿಡಿದರೆ ಇನ್ನೊಬ್ಬರು ಬಿಡಿಸುವುದು, ಉಳಿದವರು ಹಾಳೆ ತಟ್ಟೆಗೆ ಕಣ್ಣು ಅಂಟಿಸುವುದು. ಹನ್ನೊಂದು ಗೂಬೆ ಮಾಡಿದ್ದೆವು. ಅವರು ಇನ್ನೂ ಒಂಬತ್ತು ಮಾಡಿದರು. ಒಂದಕ್ಕೆ ಮೀಸೆಯೂ ಬಂತು! ಐದು ಗಂಟೆಗೆ ಐದನೇ ಹಗ್ಗ ಮೇಲೇರಿದಾಗ ನಮ್ಮವರು ಟ್ಯೂಬ್‌ಲೈಟ್ ಆರಿಸಿದರು. ಒಂದು ಕ್ಷಣ ಎಲ್ಲರೂ ತೆಪ್ಪಗಾದರು. ಆಮೇಲೆ ಎದ್ದ ಕೂಗಿಗೆ ಕಾವಲುಗಾರ ಓಡಿ ಬಂದ.

ಬಂದವರು ಇಪ್ಪತ್ತಾರು. ಟೋಪಿಯಲ್ಲಿ ಚೀಟಿ ಹಾಕಿ ನಾಲ್ಕು ತಂಡ ಮಾಡಿದೆವು. ಇದನ್ನಂತೂ ಮರೆಯದೆ ಮಾಡಿ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ದಿನವೂ ಜೊತೆಗಿರುವವರೇ ಗುಂಪಾಗುತ್ತಾರೆ, ಒಂಟಿ ಮಗು ಅಂದೂ ಒಂಟಿಯೇ. ಚೀಟಿಗೆ ಆ ಭೇದ ಗೊತ್ತಿಲ್ಲ. ಹಾವಿನ ಗುರುತಿನ ತಂಡ ಬೇಡವೆಂದು ಒಬ್ಬಳು ಅತ್ತಾಗ ಅತ್ತೆ, “ನಮ್ಮಲ್ಲಿ ನಾಗರ ಪಂಚಮಿ ಮಾಡುವುದಿಲ್ಲವೇ? ಹಾವೇ ಒಳ್ಳೇದು” ಎಂದು ಸಮಾಧಾನ ಮಾಡಿದರು.

ಎಂಟಕ್ಕೆ ಹಾಲ್ ಬಿಡಬೇಕು. ಹಗ್ಗ ಬಿಚ್ಚಿ, ದೀಪಗಳನ್ನು ಎಣಿಸಿದೆವು. ಅರವತ್ತಕ್ಕೆ ಅರವತ್ತೂ ಇದ್ದವು. ಗೋಡೆಗೆ ಒಂದು ಗೀರೂ ಇರಲಿಲ್ಲ, ಠೇವಣಿ ಪೂರ್ತಿ ಕೈಗೆ ಬಂತು. ಮಕ್ಕಳು ತಾವು ಮಾಡಿದ ಗೂಬೆ, ಮಂತ್ರದಂಡ ಹಿಡಿದುಕೊಂಡು ಮನೆಗೆ ಹೋದರು. ಮೀಸೆಯ ಗೂಬೆ ಅತ್ತೆಯ ಪಾಲಾಯಿತು. ಈಗ ಅದು ನಮ್ಮ ಅಡುಗೆಮನೆಯ ಬಾಗಿಲ ಮೇಲಿದೆ.

ಮುಂದಿನ ಸಲ ಮಾಡುವುದಿದ್ದರೆ ಕಾಲು ಭಾಗ ಕೆಲಸವನ್ನು ಬೇಕೆಂದೇ ಉಳಿಸಿಕೊಳ್ಳುತ್ತೇನೆ. ಮುಗಿಸಿಟ್ಟ ಅಲಂಕಾರವನ್ನು ಮಕ್ಕಳು ನೋಡುತ್ತಾರೆ, ಅಷ್ಟೇ. ಉಳಿಸಿಟ್ಟ ಕೆಲಸಕ್ಕೆ ಹತ್ತಿರ ಬರುತ್ತಾರೆ. ಇದನ್ನು ನಮ್ಮವರಿಗೆ ಹೇಳಿದರೆ “ಅದಕ್ಕೇ ತಾನೆ ನಾನು ಒಂದೇ ಚೀಲಕ್ಕೆ ತುಂಬಿದ್ದು” ಎನ್ನುತ್ತಾರೆ. ಏನು ಹೇಳೋಣ?

ಮರುದಿನ ಭಾನುವಾರ. ಬೆಳಗಿನ ತಿಂಡಿಗೆ ಕೂತಿದ್ದೆವು. ಗೇಟಿನ ಸದ್ದಾಯಿತು. ಬಾಲ್ಕನಿಯಿಂದ ಬಗ್ಗಿ ನೋಡಿದರೆ ಕೆಳಗೆ ಇಬ್ಬರು ಹುಡುಗರು. ಒಬ್ಬನ ಕೈಯಲ್ಲಿ ಬ್ಯಾಟು, ಇನ್ನೊಬ್ಬನ ಜೇಬಿನಲ್ಲಿ ಅತ್ತೆ ಹೊಸೆದ ಮಂತ್ರದಂಡ.

“ಆಂಟಿ, ಅವನು ಇದ್ದಾನಾ? ಆಡೋಕೆ ಕಳಿಸ್ತೀರಾ?”

ನಾನು ತಿರುಗುವಷ್ಟರಲ್ಲಿ ಪುಟ್ಟ ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಮೆಟ್ಟಿಲಿಳಿಯುತ್ತಿದ್ದ. ಅನ್ನದ ತಟ್ಟೆ ಬಿಟ್ಟು ಏಳಬಾರದೆಂದು ದಿನಾ ಗದರುವ ಅತ್ತೆ ಅಂದು ಏನೂ ಅನ್ನಲಿಲ್ಲ.